ಹನ್ನೊಂದು ತಿಂಗಳಿಗೇ ಮುಪ್ಪು: ಮನೆಯ ಟ್ಯಾಂಕಿನ ಕಟಲ್‌ಫಿಶ್‌ನ ಕೊನೆಯ ದಿನಗಳ ಆರೈಕೆ

ಪ್ರಶ್ನೆ: ನಾವು ಹುಬ್ಬಳ್ಳಿಯವರು. ಮನೆಯಲ್ಲಿ 400 ಲೀಟರ್‌ನ ಉಪ್ಪುನೀರಿನ ಅಕ್ವೇರಿಯಂ ಇದೆ. ಕಳೆದ ವರ್ಷ ಮುಂಬೈನ ವ್ಯಾಪಾರಿಯೊಬ್ಬರಿಂದ ಹೆಬ್ಬೆರಳಿನ ಗಾತ್ರದ ಎರಡು ಕುಬ್ಜ ಕಟಲ್‌ಫಿಶ್ ತರಿಸಿದ್ದೆವು. ಗಂಡು ಜನವರಿಯಲ್ಲಿ ಸತ್ತಿತು. ಹೆಣ್ಣಿಗೆ ಈಗ ಸುಮಾರು ಹನ್ನೊಂದು ತಿಂಗಳು. ಹೋದ ವಾರ ಕಪ್ಪು ದ್ರಾಕ್ಷಿಯಂಥ ಮೊಟ್ಟೆಗಳನ್ನು ಇಟ್ಟಿದೆ. ಕೆಲವು ವಾರಗಳಿಂದ ಅದರ ಕಣ್ಣುಗಳು ಮಂಜಾಗುತ್ತ ಬಂದಿವೆ, ಸಿಗಡಿ ಹಿಡಿಯಲು ಹೋದರೆ ಗುರಿ ತಪ್ಪುತ್ತದೆ, ಮೈಯ ಹಿಂತುದಿಯಲ್ಲಿ ಬಿಳಿ ಗಾಯವಾಗಿದೆ. ಅಂಗಡಿಯವರು ತಾಮ್ರವಿರುವ ಔಷಧಿಯೊಂದನ್ನು ಕೊಟ್ಟಿದ್ದಾರೆ, ಇನ್ನೂ ಹಾಕಿಲ್ಲ. ಇದು ಯಾವ ರೋಗ? ಕಾರವಾರಕ್ಕೆ ಒಯ್ದು ಸಮುದ್ರಕ್ಕೆ ಬಿಟ್ಟರೆ ಬದುಕೀತೇ? ಎಂಟನೇ ತರಗತಿಯ ಮಗಳು ದಿನವೂ ಕೇಳುತ್ತಾಳೆ, ಏನು ಹೇಳಬೇಕೋ ತಿಳಿಯುತ್ತಿಲ್ಲ.

ಉತ್ತರ: ಆ ಬಾಟಲಿಯನ್ನು ದಯವಿಟ್ಟು ತೆರೆಯಬೇಡಿ. ಸಮುದ್ರದ ಮೀನುಗಳ ಮೈಮೇಲೆ ಬಿಳಿ ಚುಕ್ಕೆ ಎದ್ದಾಗ ಹಾಕುವ ಔಷಧಿ ಅದು. ಕಟಲ್‌ಫಿಶ್ ಹೆಸರಿಗಷ್ಟೇ ಮೀನು, ನಿಜದಲ್ಲಿ ಆಕ್ಟೋಪಸ್ ವರ್ಗದ ಮೃದ್ವಂಗಿ. ಮೀನು ತಾಳಿಕೊಳ್ಳುವಷ್ಟು ತಾಮ್ರ ನೀರಿಗೆ ಸೇರಿದರೂ ಕಟಲ್‌ಫಿಶ್, ಆಕ್ಟೋಪಸ್, ಸಿಗಡಿ, ಏಡಿಗಳಿಗೆ ಅದು ವಿಷ. ಕಟಲ್‌ಫಿಶ್‌ನ ರಕ್ತ ನೀಲಿಯಾಗಿರುವುದೇ ತಾಮ್ರದಿಂದ. ನಮ್ಮ ರಕ್ತದಲ್ಲಿ ಕಬ್ಬಿಣ ಮಾಡುವ, ಆಮ್ಲಜನಕ ಹೊರುವ ಕೆಲಸವನ್ನು ಅದರ ರಕ್ತದಲ್ಲಿ ಹೀಮೊಸಯನಿನ್ ಎಂಬ ವಸ್ತುವಿನ ತಾಮ್ರ ಮಾಡುತ್ತದೆ. ಹಾಗೆಂದು ನೀರಿನಲ್ಲಿ ಕರಗಿದ ತಾಮ್ರವನ್ನು ಅದು ತಡೆದುಕೊಳ್ಳುತ್ತದೆ ಎಂದು ಭಾವಿಸಬೇಡಿ. ಒಮ್ಮೆ ಹಾಕಿದ ತಾಮ್ರ ಮರಳಿನಲ್ಲಿ, ಕಲ್ಲಿನಲ್ಲಿ ಇಂಗಿ ಉಳಿಯುತ್ತದೆ. ಮುಂದೆ ಆ ಟ್ಯಾಂಕಿನಲ್ಲಿ ಇಂಥ ಜೀವಿಗಳನ್ನು ಸಾಕುವುದೇ ಕಷ್ಟವಾದೀತು.

ಈಗ ನಿಮ್ಮ ಮುಖ್ಯ ಪ್ರಶ್ನೆ. ನೀವು ಬರೆದ ಲಕ್ಷಣಗಳನ್ನೆಲ್ಲ ಒಟ್ಟಿಗೆ ನೋಡಿದರೆ ಅದಕ್ಕೆ ಬಂದಿರುವುದು ಮುಪ್ಪು. ಕುಬ್ಜ ಕಟಲ್‌ಫಿಶ್‌ನ ಆಯುಷ್ಯವೇ ಒಂದು ವರ್ಷದ ಆಸುಪಾಸು. ಯುರೋಪಿನ ಸಾಮಾನ್ಯ ಕಟಲ್‌ಫಿಶ್ ಕೂಡ ಎರಡು ವರ್ಷ ದಾಟುವುದು ಅಪರೂಪ. ಕಾರವಾರ, ಅಂಕೋಲೆಯಿಂದ ಹುಬ್ಬಳ್ಳಿ ಮಾರುಕಟ್ಟೆಗೆ ಐಸ್ ಪೆಟ್ಟಿಗೆಯಲ್ಲಿ ಬರುವ, ಕರಾವಳಿಯವರು ಕಪ್ಪೆ ಬೊಂಡಾಸ್ ಎನ್ನುವ ಜೀವಿಯೂ ಇದೇ ಕುಲದ್ದು, ಅದರ ಬಾಳೂ ಇಷ್ಟೇ ಚಿಕ್ಕದು. ಇವು ವೇಗವಾಗಿ ಬೆಳೆಯುತ್ತವೆ, ಪ್ರಾಯಕ್ಕೆ ಬರುತ್ತವೆ, ಬಾಳಿನ ಕೊನೆಯ ಘಟ್ಟದಲ್ಲಿ ಒಂದು ಸಲ ಸಂತಾನದ ಕೆಲಸಕ್ಕೆ ಇಳಿಯುತ್ತವೆ, ಅದು ಮುಗಿಯುತ್ತಿದ್ದಂತೆ ಮೈ ಸೋಲುತ್ತದೆ. ಇದರ ಹಿಂದೆ ಕಣ್ಣುಗಳ ಒಳಬದಿಯಲ್ಲಿ, ಮಿದುಳಿಗೆ ಹತ್ತಿಕೊಂಡಿರುವ ಆಪ್ಟಿಕ್ ಗ್ರಂಥಿಗಳ ಕೈವಾಡವಿರಬಹುದು. ಜೆರೋಮ್ ವೊಡಿನ್ಸ್ಕಿ ಎಂಬ ವಿಜ್ಞಾನಿ 1977ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ದಾರಿ ತೋರಿಸಿತು. ಮೊಟ್ಟೆಗೆ ಕಾವಲು ಕೂತು ಊಟ ಬಿಟ್ಟಿದ್ದ ಹೆಣ್ಣು ಆಕ್ಟೋಪಸ್‌ಗಳಿಂದ ಅವರು ಈ ಗ್ರಂಥಿಗಳನ್ನು ತೆಗೆದರು. ಅವು ಮೊಟ್ಟೆ ಬಿಟ್ಟು ಎದ್ದವು, ಮತ್ತೆ ತಿನ್ನತೊಡಗಿದವು, ಹೆಚ್ಚು ಕಾಲ ಬದುಕಿದವು. ಆಕ್ಟೋಪಸ್‌ನಲ್ಲಿ ಸಂತಾನವೂ ಸಾವೂ ಒಂದೇ ಗ್ರಂಥಿಯ ಹಿಡಿತದಲ್ಲಿವೆ ಎಂದು ಅದರಿಂದ ತಿಳಿಯಿತು. ಯಾವ ಅಂಗಡಿಯ ಔಷಧಿಯೂ ಇದನ್ನು ನಿಲ್ಲಿಸಲಾರದು. ನಿಮ್ಮ ಆರೈಕೆಯಲ್ಲಿ ಕೊರತೆಯಾಗಿ ಹೀಗಾಯಿತು ಎಂದೂ ಕೊರಗಬೇಡಿ. ಹೆಬ್ಬೆರಳಿನಷ್ಟಿದ್ದ ಜೀವ ಮೊಟ್ಟೆ ಇಡುವ ತನಕ ಬಂದಿದೆ ಎಂದರೆ ನೀವು ಅದನ್ನು ಚೆನ್ನಾಗಿ ನೋಡಿಕೊಂಡಿದ್ದೀರಿ.

ಆದರೂ ಮುಪ್ಪು ಎಂದು ಒಪ್ಪಿಕೊಳ್ಳುವ ಮುನ್ನ ಒಂದು ಪರೀಕ್ಷೆ ಆಗಲೇಬೇಕು. ಅಮೋನಿಯಾ ಮತ್ತು ನೈಟ್ರೈಟ್ ಟೆಸ್ಟ್ ಕಿಟ್ ತೆಗೆದುಕೊಂಡು ಇವತ್ತೇ ನೀರು ನೋಡಿ. ಎರಡೂ ಸೊನ್ನೆ ಇರಬೇಕು. ಬರೀ ಮಾಂಸ ತಿನ್ನುವ ಈ ಪ್ರಾಣಿ ವಿಪರೀತ ಅಮೋನಿಯಾ ಹೊರಹಾಕುತ್ತದೆ. ಫಿಲ್ಟರ್ ಸ್ವಲ್ಪ ಸೋತರೂ ಮೊದಲು ಪೆಟ್ಟು ತಿನ್ನುವುದು ಅದರ ಕಣ್ಣು, ಚರ್ಮ, ಕಿವಿರು. ಲಕ್ಷಣಗಳು ಒಂದೆರಡು ದಿನಗಳಲ್ಲಿ ದಿಢೀರನೆ ಬಂದರೆ, ಪ್ರಾಣಿ ಇನ್ನೂ ಎಳೆಯದಾಗಿದ್ದರೆ, ಉಸಿರಾಟ ಜೋರಾಗಿದ್ದರೆ ನೀರನ್ನೇ ಶಂಕಿಸಬೇಕು. ವಾರಗಟ್ಟಲೆ ನಿಧಾನವಾಗಿ, ಎರಡೂ ಕಣ್ಣಿಗೆ, ಮೊಟ್ಟೆ ಇಡುವ ಕಾಲದಲ್ಲೇ ಬಂದರೆ ವಯಸ್ಸಿನ ಕಡೆ ಬೊಟ್ಟು ಮಾಡಬಹುದು. ನಿಮ್ಮದು ಎರಡನೆಯ ಬಗೆಯದು. ನೀರು ಕೆಟ್ಟಿದ್ದರೆ ಮುದಿ ಪ್ರಾಣಿಗೆ ಅದು ದುಪ್ಪಟ್ಟು ಹಿಂಸೆ, ಆದ್ದರಿಂದ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನೀರಿನ ವಿಷಯದಲ್ಲಿ ನಮ್ಮ ಊರಿನದೇ ಕೆಲವು ತೊಡಕುಗಳಿವೆ. ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭೆಯ ನೀರು ದಿನ ಬಿಟ್ಟು ದಿನವೋ ಇನ್ನೂ ತಡವಾಗಿಯೋ ಬಂದ ಕಾಲವನ್ನು ಕಂಡ ಮನೆಗಳಲ್ಲಿ ನೀರು ತೊಟ್ಟಿಯಲ್ಲಿ ಕೂತೇ ಬಳಕೆಗೆ ಬರುತ್ತದೆ. ಅದರಲ್ಲಿ ಕ್ಲೋರಿನ್ ಇರುತ್ತದೆ, ಹಿತ್ತಾಳೆ ನಲ್ಲಿಯಿಂದ ಇಳಿದ ತಾಮ್ರವೂ ಇರಬಹುದು. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಆರ್‌ಒ ನೀರಿಗೆ ಅಕ್ವೇರಿಯಂ ಉಪ್ಪು ಬೆರೆಸಿ ಒಂದು ದಿನ ಪಂಪ್ ಓಡಿಸಿಟ್ಟು, ಟ್ಯಾಂಕಿನ ಬಿಸಿಗೆ ಸಮ ಮಾಡಿಕೊಂಡ ನಂತರವೇ ಹಾಕಿ. ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ (ಸ್ಪೆಸಿಫಿಕ್ ಗ್ರಾವಿಟಿ) 1.025ರ ಸುತ್ತ ನಿಲ್ಲಲಿ. ವಾರಕ್ಕೊಮ್ಮೆ ಬಹಳಷ್ಟು ನೀರು ಬದಲಿಸುವ ಬದಲು ಎರಡು ಮೂರು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬದಲಿಸಿ. ಮುದಿ ಮೈ ದೊಡ್ಡ ಏರುಪೇರನ್ನು ತಾಳುವುದಿಲ್ಲ.

ನೀವು ಬರೆದಿರುವುದು ಮಾರ್ಚ್‌ನಲ್ಲಿ, ಬಿಸಿಲು ಏರುತ್ತಿರುವ ಹೊತ್ತಿನಲ್ಲಿ. ಈ ಜಾತಿಗೆ 24ರಿಂದ 26 ಡಿಗ್ರಿ ಸರಿ. ನಿಮ್ಮ ಪ್ರಾಣಿಗೆ 24ರ ಹತ್ತಿರವೇ ಇರಲಿ. ನೀರು ಬಿಸಿಯಾದಷ್ಟೂ ಈ ವರ್ಗದ ಜೀವಿಗಳ ಬಾಳಿನ ಓಟ ಚುರುಕಾಗುತ್ತದೆ, ಬೇಗ ಬೆಳೆದು ಬೇಗ ಮುಗಿಯುತ್ತವೆ. ಜೊತೆಗೆ ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಅದನ್ನು ಹೊತ್ತೊಯ್ಯುವುದರಲ್ಲಿ ನೀಲಿ ರಕ್ತ ನಮ್ಮ ಕೆಂಪು ರಕ್ತದಷ್ಟು ಸಮರ್ಥವಲ್ಲ. ಮೂರು ಹೃದಯಗಳಿದ್ದರೂ, ಅವುಗಳಲ್ಲಿ ಎರಡು ಕಿವಿರುಗಳಿಗೇ ಮೀಸಲಾಗಿದ್ದರೂ, ಅದು ಏದುಸಿರು ಬಿಡುತ್ತದೆ. ಚಿಲ್ಲರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ನೀರಿನ ಮೇಲ್ಮೈಗೆ ಗಾಳಿ ತಾಗುವಂತೆ ಒಂದು ಚಿಕ್ಕ ಫ್ಯಾನ್ ಇಡಿ. ಬಯಲುಸೀಮೆಯ ಒಣ ಗಾಳಿಯಲ್ಲಿ ನೀರು ಬೇಗ ಆವಿಯಾಗಿ ತಂಪಾಗುತ್ತದೆ, ಕರಾವಳಿಯವರಿಗೆ ಇಲ್ಲದ ಅನುಕೂಲ ಇದು. ಆದರೆ ಆವಿಯಾಗುವುದು ನೀರು ಮಾತ್ರ, ಉಪ್ಪು ಹಿಂದೆ ಉಳಿದು ಸಾಂದ್ರತೆ ಏರುತ್ತದೆ. ಆದ್ದರಿಂದ ಕಡಿಮೆಯಾದಷ್ಟನ್ನು ಉಪ್ಪು ಬೆರೆಸದ ಬರೀ ಆರ್‌ಒ ನೀರಿನಿಂದ ದಿನವೂ ತುಂಬಿ. ಕರೆಂಟ್ ಹೋದಾಗ ಓಡಲು ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿ ಸಿದ್ಧವಿರಲಿ.

ಟ್ಯಾಂಕಿನೊಳಗೆ ಮಾಡಬೇಕಾದ ಬದಲಾವಣೆ ಹೆಚ್ಚಿಲ್ಲ. ಪಂಪ್ ನೀರು ಎಳೆಯುವ ಬಾಯಿಗೆ ಸ್ಪಂಜ್ ಕಟ್ಟಿ, ಸೋತ ಪ್ರಾಣಿ ಅಲ್ಲಿಗೆ ಹೀರಿಕೊಂಡು ಹೋಗಬಾರದು. ನೀರಿನ ಸೆಳೆತ ತಗ್ಗಿಸಿ. ಚೂಪು ಅಂಚಿನ ಕಲ್ಲು ತೆಗೆದು, ಮೈಯಿಟ್ಟು ಕೂರಲು ಸಣ್ಣ ಮರಳು ಹಾಸಿ. ದೀಪ ಮಂದವಾಗಿರಲಿ, ಕತ್ತಲ ಕೋಣೆಯಲ್ಲಿ ಒಮ್ಮೆಲೇ ದೀಪ ಹಾಕಬೇಡಿ. ಬೆಚ್ಚಿದ ಕಟಲ್‌ಫಿಶ್ ನೀರು ಚಿಮ್ಮಿಸಿ ಹಿಂದಕ್ಕೆ ನುಗ್ಗುತ್ತದೆ, ಹಿಂತುದಿ ಗಾಜಿಗೆ ಬಡಿಯುತ್ತದೆ. ನೀವು ಹೇಳುವ ಬಿಳಿ ಗಾಯ ಬಹುತೇಕ ಹೀಗೇ ಆದದ್ದು. ಎಳೆಯ ಪ್ರಾಣಿಯಲ್ಲಿ ಅದು ಮಾಯುತ್ತದೆ, ಈಗ ಮಾಯಲಿಕ್ಕಿಲ್ಲ, ದೊಡ್ಡದಾಗದಂತೆ ನೋಡಿಕೊಳ್ಳುವುದಷ್ಟೇ ನಮ್ಮ ಕೈಯಲ್ಲಿದೆ. ಗಾಯ ಆಳವಾದರೆ ಒಳಗಿನ ಬಿಳಿ ಚಿಪ್ಪು ಕಾಣಿಸಬಹುದು. ಲವ್‌ಬರ್ಡ್ಸ್ ಪಂಜರಕ್ಕೆ ಸಿಕ್ಕಿಸುತ್ತಾರಲ್ಲ, ಗ್ರಂಥಿಗೆ ಅಂಗಡಿಯಲ್ಲಿ ಸಮುದ್ರಫೇನ ಎಂದು ಸಿಗುತ್ತದಲ್ಲ, ಅದೇ ವಸ್ತು. ಅದರ ಸಣ್ಣ ಸಣ್ಣ ಗೂಡುಗಳಲ್ಲಿ ಗಾಳಿ ಮತ್ತು ದ್ರವದ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡಿಕೊಂಡು ಪ್ರಾಣಿ ನೀರಿನಲ್ಲಿ ಸಮತೂಕದಿಂದ ನಿಲ್ಲುತ್ತದೆ. ಮುಪ್ಪಿನಲ್ಲಿ ಈ ಹಿಡಿತ ತಪ್ಪಿ ಹಿಂಭಾಗ ಮೇಲೇಳಬಹುದು. ಸೂಜಿ ಚುಚ್ಚಿ ಗಾಳಿ ತೆಗೆಯುವ ಸಾಹಸಕ್ಕೆ ಕೈಹಾಕಬೇಡಿ. ಟ್ಯಾಂಕಿನಲ್ಲಿ ಏಡಿ, ಶಂಖದೇಡಿ, ನಕ್ಷತ್ರಮೀನು ಏನಿದ್ದರೂ ಬೇರೆ ಕಡೆಗೆ ಸಾಗಿಸಿ. ಸುಸ್ತಾದ ಪ್ರಾಣಿಯನ್ನು ಅವು ಜೀವಂತವಾಗಿಯೇ ಕಚ್ಚತೊಡಗುತ್ತವೆ.

ಇನ್ನು ಊಟ. ಆರೈಕೆಯ ಹೆಚ್ಚಿನ ಪಾಲು ಇರುವುದೇ ಇಲ್ಲಿ.

ಆರೋಗ್ಯವಂತ ಕಟಲ್‌ಫಿಶ್ ಬೇಟೆಯಾಡುವುದನ್ನು ನೀವು ಎಷ್ಟೋ ಸಲ ನೋಡಿರುತ್ತೀರಿ. ಸಿಗಡಿಯ ಕಡೆ ಮುಖ ತಿರುಗಿಸುತ್ತದೆ, ಎರಡೂ ಕಣ್ಣು ಮುಂದಕ್ಕೆ ಬರುತ್ತವೆ, ಮೇಲಿನ ತೋಳುಗಳು ನೆಟ್ಟಗೆ ನಿಲ್ಲುತ್ತವೆ. ಎಂಟು ತೋಳುಗಳ ನಡುವೆ ಅಡಗಿದ್ದ ಎರಡು ಉದ್ದನೆಯ ಗ್ರಹಣಾಂಗಗಳು ರೆಪ್ಪೆ ಬಡಿಯುವಷ್ಟರಲ್ಲಿ ಚಿಮ್ಮಿ ಸಿಗಡಿಯನ್ನು ಕಚ್ಚಿಕೊಂಡು ಒಳಕ್ಕೆ ಎಳೆಯುತ್ತವೆ. ಇದೆಲ್ಲಕ್ಕೂ ದೂರದ ಅಳತೆ ಕರಾರುವಾಕ್ಕಾಗಿರಬೇಕು. ಕಣ್ಣು ಮಂಜಾದ ಪ್ರಾಣಿ ಒಂದೆರಡು ಸೆಂಟಿಮೀಟರ್ ಹಿಂದೆಯೋ ಪಕ್ಕಕ್ಕೋ ಹೊಡೆಯುತ್ತದೆ. ಕೆಲವೊಮ್ಮೆ ಗ್ರಹಣಾಂಗ ಪೂರ್ತಿ ಒಳಗೆ ಹೋಗದೆ ಜೋತುಬೀಳುತ್ತದೆ. ಹಾಗೆ ಎರಡು ಮೂರು ಸಲ ತಪ್ಪಿದ ಮೇಲೆ ಅದು ಪ್ರಯತ್ನವನ್ನೇ ಕೈಬಿಡುತ್ತದೆ. ನೋಡುವವರಿಗೆ ಹಸಿವಿಲ್ಲದಂತೆ ಕಾಣುತ್ತದೆ, ನಿಜಕ್ಕೂ ಹಸಿವಿರುತ್ತದೆ. ಈ ವ್ಯತ್ಯಾಸವನ್ನು ಗುರುತಿಸಿದರೆ ಇನ್ನೂ ಕೆಲವು ಒಳ್ಳೆಯ ವಾರಗಳನ್ನು ನೀವು ಅದಕ್ಕೆ ಕೊಡಬಲ್ಲಿರಿ.

ಆದ್ದರಿಂದ ಓಡುವ ಸಿಗಡಿಯನ್ನು ಬಿಡುವುದು ನಿಲ್ಲಿಸಿ. ಜೀವಂತ ಏಡಿಯಂತೂ ಬೇಡ, ಈಗ ಅದರ ಕೊಂಡಿಯಿಂದ ತಪ್ಪಿಸಿಕೊಳ್ಳುವ ಚುರುಕು ನಿಮ್ಮ ಪ್ರಾಣಿಗಿಲ್ಲ. ಕಾರವಾರದಿಂದ ಬರುವ ತಾಜಾ ಸಮುದ್ರ ಸಿಗಡಿಯನ್ನು ತಂದು, ತಲೆ ಮತ್ತು ಮುಳ್ಳು ತೆಗೆದು, ಆರ್‌ಒ ನೀರಿನಲ್ಲಿ ತೊಳೆದು, ಒಂದೊಂದು ಹೊತ್ತಿನ ಪಾಲು ಮಾಡಿ ಫ್ರೀಜರ್‌ನಲ್ಲಿಡಿ. ಕೊಡುವ ಮುನ್ನ ಟ್ಯಾಂಕಿನದೇ ನೀರಿನಲ್ಲಿ ಕರಗಿಸಿ. ಉಗುರಿನಷ್ಟು ತುಂಡನ್ನು ತುದಿ ಮೊಂಡಾದ ತೆಳ್ಳನೆಯ ಬಿದಿರು ಕಡ್ಡಿಗೆ ಸಿಕ್ಕಿಸಿ, ಮೇಲಿನಿಂದ ಅಲ್ಲ, ಮುಂದಿನಿಂದ, ಅದರ ಕಣ್ಣಿನ ಮಟ್ಟದಲ್ಲಿ ನಿಧಾನವಾಗಿ ತನ್ನಿ. ಮೇಲಿನಿಂದ ಬೀಳುವ ನೆರಳು ಅದರ ಪಾಲಿಗೆ ಶತ್ರು. ತುಂಡನ್ನು ಸ್ವಲ್ಪ ಅಲುಗಿಸಿ, ನಿಲ್ಲಿಸಿ, ಮತ್ತೆ ಅಲುಗಿಸಿ. ಮೈಬಣ್ಣ ಗಾಢವಾಗಿ ತೋಳುಗಳು ಮುಂದಕ್ಕೆ ಬಂದರೆ ಅದು ಗಮನಿಸಿದೆ ಎಂದು ತಿಳಿಯಿರಿ. ಆಗ ತುಂಡನ್ನು ತೋಳಿನ ತುದಿಗೇ ತಾಗಿಸಿ. ತೋಳಿನ ಹೀರುಬಟ್ಟಲುಗಳಿಗೆ ಸ್ಪರ್ಶದ ಜೊತೆ ರುಚಿಯೂ ತಿಳಿಯುತ್ತದೆ, ಕಣ್ಣು ಬಿಟ್ಟುಕೊಟ್ಟ ಕೆಲಸವನ್ನು ತೋಳು ಮಾಡುತ್ತದೆ. ಹಿಡಿದ ತಕ್ಷಣ ಕಡ್ಡಿ ಎಳೆಯಬೇಡಿ, ಅದು ತಾನಾಗಿ ಬಿಡಿಸಿಕೊಳ್ಳಲಿ. ದಿನಕ್ಕೆ ಎರಡು ಮೂರು ಸಲ ಇಷ್ಟಿಷ್ಟೇ ಸಾಕು. ಬಿಟ್ಟ ಚೂರನ್ನು ಒಂದು ಗಂಟೆಯೊಳಗೆ ಹೊರತೆಗೆಯಿರಿ. ತುಂಗಭದ್ರೆಯ ಹೊಳೆ ಸಿಗಡಿ ಒಮ್ಮೊಮ್ಮೆ ನಡೆದೀತು, ದಿನನಿತ್ಯ ಬೇಡ, ಸಮುದ್ರದ ಜೀವಿಗೆ ಬೇಕಾದ ಕೊಬ್ಬಿನಂಶ ಅದರಲ್ಲಿ ಸಾಲದು. ಕೋಳಿ, ಕುರಿ ಮಾಂಸ ಕೊಡಲೇಬಾರದು.

ಈ ಕಡ್ಡಿಯ ಕೆಲಸವನ್ನು ನಿಮ್ಮ ಮಗಳಿಗೆ ವಹಿಸಿ ಎಂದು ನಾನು ಹೇಳುತ್ತೇನೆ, ದಿನವೂ ಅದೇ ಹೊತ್ತಿಗೆ, ಟ್ಯಾಂಕಿನ ಅದೇ ಮೂಲೆಯಲ್ಲಿ. ಇದಕ್ಕೆ ಬಲವಾದ ಕಾರಣವಿದೆ. ಕೇಂಬ್ರಿಡ್ಜ್‌ನ ಅಲೆಕ್ಸಾಂಡ್ರಾ ಶ್ನೆಲ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯುರೋಪಿನ ಸಾಮಾನ್ಯ ಜಾತಿಯ 24 ಕಟಲ್‌ಫಿಶ್‌ಗಳನ್ನು ಪರೀಕ್ಷಿಸಿದರು. ಅರ್ಧದಷ್ಟು 10ರಿಂದ 12 ತಿಂಗಳ ಪ್ರಾಯದವು, ಉಳಿದರ್ಧ 22ರಿಂದ 24 ತಿಂಗಳ ಮುದಿಯವು. ಯಾವ ಆಹಾರ, ಟ್ಯಾಂಕಿನ ಯಾವ ಜಾಗದಲ್ಲಿ, ಎಷ್ಟು ಹೊತ್ತಿನ ಮೇಲೆ ಸಿಗುತ್ತದೆ ಎಂಬುದನ್ನು ಅವು ನೆನಪಿಡಬೇಕಿತ್ತು. ಇಷ್ಟದ ಜೀವಂತ ಸಿಗಡಿ ಮೂರು ಗಂಟೆ ಕಳೆದ ಮೇಲಷ್ಟೇ ಸಿಗುತ್ತಿತ್ತು. ಮುದಿ ಪ್ರಾಣಿಗಳು ಎಳೆಯವುಗಳಿಗೆ ಸರಿಸಮವಾಗಿ ನೆನಪಿಟ್ಟವು. ಮನುಷ್ಯರಲ್ಲಿ ವಯಸ್ಸಾದಂತೆ ಇಂಥ ನೆನಪು ಸವೆಯುತ್ತದೆ, ಇವುಗಳಲ್ಲಿ ಸವೆದಿರಲಿಲ್ಲ. ಕಲಿಕೆ ಮತ್ತು ನೆನಪಿನ ಕೆಲಸ ಮಾಡುವ ಮಿದುಳಿನ ಭಾಗ ಬಾಳಿನ ಕೊನೆಯ ಎರಡು ಮೂರು ದಿನಗಳ ತನಕ ಕೆಡುವುದಿಲ್ಲ ಎಂಬುದು ಆ ಸಂಶೋಧಕರ ವಿವರಣೆ. ಕಾರವಾರದ ಕೋಡಿಬಾಗದಲ್ಲಿ ಸಾಗರ ಜೀವಶಾಸ್ತ್ರ ಓದಿದ ದಿನಗಳಿಂದ ಈ ಜೀವಿಗಳನ್ನು ನೋಡುತ್ತ ಬಂದವನು ನಾನು, ಈ ಫಲಿತಾಂಶ ನನ್ನನ್ನು ಬಹಳ ಕಾಡಿತು. ಮೂಲೆಯಲ್ಲಿ ಸುಮ್ಮನೆ ಕೂತಿರುವ ನಿಮ್ಮ ಪ್ರಾಣಿಗೆ ಊಟದ ಹೊತ್ತು, ಊಟದ ಜಾಗ ಎರಡೂ ಗೊತ್ತಿರುತ್ತವೆ. ಅದಕ್ಕೆ ಏನೂ ತಿಳಿಯುವುದಿಲ್ಲ ಎಂದುಕೊಂಡು ಬಕೆಟ್ಟಿನಲ್ಲಿ ಪ್ರತ್ಯೇಕಿಸಿಡುವುದು, ದಿನಕ್ಕೊಂದು ಜಾಗಕ್ಕೆ ಸ್ಥಳಾಂತರಿಸುವುದು ನನ್ನ ದೃಷ್ಟಿಯಲ್ಲಿ ಕ್ರೌರ್ಯ.

ಮಗಳಿಗೆ ಏನು ಹೇಳಬೇಕು ಎಂದು ಕೇಳಿದ್ದೀರಿ. ಇದ್ದುದನ್ನು ಇದ್ದಂತೆ ಹೇಳಿ. ಇದರ ಜಾತಿಗೆ ಒಂದು ವರ್ಷವೇ ಪೂರ್ಣಾಯುಷ್ಯ, ಇದು ಅಜ್ಜಿಯಾಗಿದೆ, ಔಷಧಿಯಿಂದ ವಾಸಿಯಾಗುವಂಥದ್ದಲ್ಲ, ನಾವು ನೋವಿಲ್ಲದಂತೆ ನೋಡಿಕೊಳ್ಳಬಹುದು. ಎಂಟನೇ ತರಗತಿಯ ಹುಡುಗಿ ಇಷ್ಟನ್ನು ಅರಗಿಸಿಕೊಳ್ಳುತ್ತಾಳೆ. ಸಮುದ್ರಕ್ಕೆ ಬಿಟ್ಟೆವು, ಅಲ್ಲಿ ಸುಖವಾಗಿದೆ ಎಂಬ ಸುಳ್ಳು ಬೇಡ.

ಏಕೆಂದರೆ ಬಿಟ್ಟರೆ ಅದು ಸುಖವಾಗಿರುವುದಿಲ್ಲ. ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುವ ಹೊತ್ತಿಗೇ ಚೀಲದ ನೀರಿನಲ್ಲಿ ಶಾಯಿ ಉಗುಳಿ, ಉಸಿರುಗಟ್ಟಿ ಅರೆಜೀವವಾಗಿರುತ್ತದೆ. ಉಳಿದರೂ, ಗುರಿ ಹಿಡಿಯಲಾರದ ಪ್ರಾಣಿ ಅಲೆಯಲ್ಲಿ ಒಂದು ದಿನ ಬಾಳದು. ಮೇಲಾಗಿ ಇದು ಫಿಲಿಪೈನ್ಸ್, ಇಂಡೋನೇಷ್ಯಾ ಕಡೆಯ ಜಾತಿ, ಅರಬ್ಬೀ ಸಮುದ್ರದ್ದಲ್ಲ. ಟ್ಯಾಂಕಿನ ರೋಗಾಣುಗಳನ್ನು ಹೊತ್ತ ಹೊರಗಿನ ಜೀವಿಯನ್ನು ನಮ್ಮ ಕಡಲಿಗೆ ಬಿಡುವುದು ತಪ್ಪು.

ಕೊನೆಯನ್ನು ಕುರಿತು ನೀವು ಕೇಳಿಲ್ಲ, ಆದರೆ ಕೆಲವೇ ವಾರಗಳಲ್ಲಿ ನಿಮ್ಮೆದುರು ಬರುವ ವಿಷಯ ಅದು. ತೋಳಿಗೆ ತಾಗಿಸಿದ ಆಹಾರವನ್ನೂ ಸತತ ಮೂರು ನಾಲ್ಕು ದಿನ ತಳ್ಳಿದರೆ, ನೆಟ್ಟಗೆ ನಿಲ್ಲಲಾರದೆ ಮಗ್ಗುಲಾದರೆ, ಮೈ ಬೆಳ್ಳಗಾಗಿ ಬಣ್ಣ ಬದಲಿಸುವುದೇ ನಿಂತರೆ, ಕೈಯ ನೆರಳಿಗೂ ಅಲುಗದಿದ್ದರೆ, ಇನ್ನು ಎಳೆಯುವುದರಲ್ಲಿ ಅದಕ್ಕೆ ಹಿತವಿಲ್ಲ. ನೋವಿಲ್ಲದ ಸಾವು ಕೊಡುವುದನ್ನು ಪಶುವೈದ್ಯರ ಜೊತೆ ಮೊದಲೇ ಮಾತಾಡಿಟ್ಟುಕೊಳ್ಳಿ. ಗದಗಿನಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ, ಅಲ್ಲಿ ವಿಚಾರಿಸಬಹುದು. ಕಟಲ್‌ಫಿಶ್ ನೋಡಿದ ವೈದ್ಯರು ನಮ್ಮ ಕಡೆ ವಿರಳ, ಆದ್ದರಿಂದ ವಿಧಾನವನ್ನು ಅವರಿಗೆ ನೀವೇ ತಿಳಿಸಬೇಕಾಗಬಹುದು: ಪ್ರಾಣಿ ಇರುವ ಸಮುದ್ರದ ನೀರಿಗೇ ಮೆಗ್ನೀಸಿಯಂ ಕ್ಲೋರೈಡ್ ದ್ರಾವಣವನ್ನು ಹಂತಹಂತವಾಗಿ ಬೆರೆಸಿ ಪ್ರಜ್ಞೆ ತಪ್ಪಿಸುವುದು, ಉಸಿರಾಟ ನಿಂತ ಮೇಲೂ ಸಾಕಷ್ಟು ಹೊತ್ತು ಅದರಲ್ಲೇ ಇರಿಸುವುದು, ಅನಂತರ ಮಿದುಳಿನ ಕ್ರಿಯೆ ಮರಳದಂತೆ ವೈದ್ಯರೇ ಖಚಿತಪಡಿಸುವುದು. ಔಷಧಿ ಅಂಗಡಿಯ ಎಪ್ಸಮ್ ಉಪ್ಪು ಮೆಗ್ನೀಸಿಯಂ ಸಲ್ಫೇಟ್, ಅದು ಇದಕ್ಕೆ ಬದಲಿಯಲ್ಲ. ಫ್ರೀಜರ್‌ಗೆ ಹಾಕುವುದು, ಸಿಹಿನೀರಿಗೆ ಬಿಡುವುದು, ನೀರಿನಿಂದ ಹೊರಗಿಡುವುದು ಮೂರೂ ಹಿಂಸೆ. ಈ ವರ್ಗದ ಜೀವಿಗಳಿಗೆ ನೋವು ತಿಳಿಯುತ್ತದೆ ಎಂದು ಒಪ್ಪಿಕೊಂಡು ಯುರೋಪಿಯನ್ ಒಕ್ಕೂಟ 2010ರಲ್ಲೇ ಪ್ರಯೋಗಾಲಯದ ಪ್ರಾಣಿಗಳ ರಕ್ಷಣೆಯ ನಿಯಮಕ್ಕೆ ಇವನ್ನು ಸೇರಿಸಿತು, ಬ್ರಿಟನ್ 2022ರ ಕಾಯ್ದೆಯಲ್ಲಿ ಸಂವೇದನೆಯುಳ್ಳ ಪ್ರಾಣಿಗಳೆಂದು ಗುರುತಿಸಿತು. ಪ್ರಾಣಿ ತಾನಾಗಿ ಸತ್ತರೆ ತಡಮಾಡದೆ ಹೊರತೆಗೆಯಿರಿ. ಅದರ ಮೈ ಬೇಗ ಕೊಳೆತು ನೀರಿನಲ್ಲಿ ಅಮೋನಿಯಾ ಏರುತ್ತದೆ, ಮೊಟ್ಟೆಗಳಿಗೂ ಅದು ಕೇಡು.

ಆ ಮೊಟ್ಟೆಗಳ ಬಗ್ಗೆ. ಗಂಡು ಜನವರಿಯಲ್ಲೇ ಸತ್ತಿದ್ದರೂ ಅವು ಫಲಿತವಾಗಿರಬಹುದು, ಹೆಣ್ಣು ಕಟಲ್‌ಫಿಶ್ ವೀರ್ಯವನ್ನು ಬಾಯಿಯ ಬಳಿಯ ಚೀಲದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಆಕ್ಟೋಪಸ್‌ನಂತೆ ತಾಯಿ ಕಾವಲು ಕೂರುವುದಿಲ್ಲ, ಆದ್ದರಿಂದ ಬೇರ್ಪಡಿಸಿದರೆ ಅದಕ್ಕೆ ತೊಂದರೆಯಿಲ್ಲ. ಗೊಂಚಲನ್ನು ಬಲೆಯ ಪೆಟ್ಟಿಗೆಯಲ್ಲಿಟ್ಟು ನೀರು ಮೆಲ್ಲಗೆ ಹರಿಯುವ ಕಡೆ ತೂಗುಬಿಡಿ. 25 ಡಿಗ್ರಿಯ ಸುಮಾರಿಗೆ ಮೂರು ನಾಲ್ಕು ವಾರ ಹಿಡಿಯುತ್ತದೆ. ದಿನ ಕಳೆದಂತೆ ಸಿಪ್ಪೆ ಹಿಗ್ಗಿ ತೆಳುವಾಗುತ್ತದೆ, ಹಿಂದಿನಿಂದ ಮಂದ ಟಾರ್ಚ್ ಹಿಡಿದರೆ ಒಳಗೆ ಮರಿ ಅಲುಗುವುದು ಕಾಣುತ್ತದೆ. ಆದರೆ ಅಲ್ಲಿಯ ತನಕ ಕಾಯದೆ ಈಗಲೇ ಒಂದು ನಿರ್ಧಾರಕ್ಕೆ ಬರಬೇಕು. ಮರಿಗಳು ಮೊದಲ ವಾರಗಳಲ್ಲಿ ಜೀವಂತ ಆಹಾರವನ್ನಷ್ಟೇ ಹಿಡಿಯುತ್ತವೆ, ಅದೂ ಮೈಸಿಡ್‌ನಂಥ ಸಮುದ್ರದ ಸಣ್ಣ ಸಿಗಡಿಗಳನ್ನು. ಅಕ್ವೇರಿಯಂ ಅಂಗಡಿಯಲ್ಲಿ ಮೀನಿನ ಆಹಾರವಾಗಿ ಸಿಗುವ ಉಪ್ಪುನೀರಿನ ಚಿಕ್ಕ ಜೀವಿ ಆರ್ಟೀಮಿಯಾ ಒಂದನ್ನೇ ನಂಬಿದರೆ ಹೆಚ್ಚಿನವು ಸಾಯುತ್ತವೆ. ಹುಬ್ಬಳ್ಳಿಯಲ್ಲಿ ಜೀವಂತ ಮೈಸಿಡ್ ಸಿಗುವುದಿಲ್ಲ, ಅವು ಕಾಳಿ ನದಿಯ ಅಳಿವೆಯಂಥ ಜಾಗದವು. ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ ಇರುವುದು ಕಾರವಾರದಲ್ಲಿ. ಇವತ್ತೇ ಅವರನ್ನು ಸಂಪರ್ಕಿಸಿ ಮೊಟ್ಟೆಗಳನ್ನು ಪಡೆಯುವ ಆಸಕ್ತಿ ಇದೆಯೇ, ಆಹಾರದ ದಾರಿ ತೋರಿಸಬಲ್ಲರೇ ಎಂದು ಕೇಳಿ. ಅದು ಹೊಂದದಿದ್ದರೆ ಮರಿ ಮಾಡಿಸುವ ಆಸೆಯನ್ನು ಬಿಟ್ಟುಬಿಡಿ, ಭ್ರೂಣ ಇನ್ನಷ್ಟು ಬೆಳೆಯುವ ಮುನ್ನ, ಇನ್ನೆರಡು ಮೂರು ದಿನಗಳೊಳಗೆ ಗೊಂಚಲನ್ನು ಹೊರತೆಗೆಯಿರಿ.